ಕಾನ್ವೆಂಟಿನ ಅಜ್ಜಿಯರು ಕೊಟ್ಟ ಮದ್ದು

ಕುಕ್ಕೆಯಲ್ಲಿ ಆಶ್ಲೇಷಾ ಬಲಿ ಮಾಡಿಸಿದ ಮರುವಾರವೇ ಅತ್ತಿಗೆ ಪ್ರನಾಳ ಶಿಶು ಚಿಕಿತ್ಸೆಗೆಂದು ಕಡಬದಿಂದ ಮಂಗಳೂರಿನ ಬಸ್ಸು ಹತ್ತಿದ್ದರು. ಹತ್ತು ದಿನ ಹೊಟ್ಟೆಗೆ ಹಾರ್ಮೋನ್ ಇಂಜೆಕ್ಷನ್ ಚುಚ್ಚಿಕೊಂಡರೂ ಸಿಕ್ಕಿದ್ದು ಎರಡೇ ಅಂಡಾಣು. ಫೈಲಿನಲ್ಲಿ ‘ಪೂರ್ ರೆಸ್ಪಾಂಡರ್’ ಎಂದು ಬರೆದಿದ್ದರು. “ಪರೀಕ್ಷೆಯಲ್ಲಿ ಫೇಲಾದ ಹಾಗಾಯ್ತು ಮಾರಾಯ್ತಿ” ಎಂದರು ಅತ್ತಿಗೆ. ಆ ಮಾತು ಚುಚ್ಚಿತು. ಅವರು ಚುಚ್ಚಿಕೊಂಡ ಮದ್ದು ಎಲ್ಲಿಂದ ಬಂತೆಂದು ಹುಡುಕಹೊರಟೆ.

ಸಿಕ್ಕಿದ್ದು ಇಟಲಿಯ ಕಾನ್ವೆಂಟು. ಮುಟ್ಟು ನಿಂತು ಅಂಡಾಶಯ ಸುಮ್ಮನಾದ ಮೇಲೂ ಅದನ್ನು ಎಬ್ಬಿಸುವ ಹಾರ್ಮೋನನ್ನು ಪಿಟ್ಯುಟರಿ ಗ್ರಂಥಿ ಸುರಿಸುತ್ತಲೇ ಇರುತ್ತದೆ. ಅದು ಮೂತ್ರದಲ್ಲಿ ಹೊರಹೋಗುತ್ತದೆ. ಸೆರೊನೊ ಕಂಪನಿಯ ಪಿಯೆರೊ ಡೊನಿನಿ 1940ರ ದಶಕದಲ್ಲೇ ಅದನ್ನು ಸೋಸಿ ತೆಗೆದಿದ್ದರೂ ಯಾರಿಗೂ ಬೇಕಿರಲಿಲ್ಲ. 1957ರಲ್ಲಿ ಯುವ ವೈದ್ಯ ಬ್ರೂನೊ ಲುನೆನ್‌ಫೆಲ್ಡ್ ಅಂಗಲಾಚಿದಾಗಲೂ ನಿರ್ದೇಶಕರು ಒಪ್ಪಲಿಲ್ಲ. ಕೊನೆಗೆ ಅವರ ಪರವಾಗಿ ನಿಂತವರು ಮಂಡಳಿಯಲ್ಲಿದ್ದ ಜೂಲಿಯೊ ಪಚೆಲ್ಲಿ, ಪೋಪ್ 12ನೇ ಪಯಸ್‌ರ ಅಣ್ಣನ ಮಗ. ವೃದ್ಧ ಸನ್ಯಾಸಿನಿಯರ ವಸತಿಗಳ ಬಾಗಿಲು ತೆರೆಯಿತು. ಸಂಸಾರವನ್ನೇ ಬಿಟ್ಟ ಆ ಅಜ್ಜಿಯರ ಮೂತ್ರದಿಂದ ತೆಗೆದ ಮದ್ದಿನಿಂದ 1962ರಲ್ಲಿ ಇಸ್ರೇಲಿನಲ್ಲಿ ಮೊದಲ ಮಗು ಹುಟ್ಟಿತು.

ಕೋಲ್ಕತ್ತದ ಡಾ. ಸುಭಾಷ್ ಮುಖರ್ಜಿ ಇದೇ ಬಗೆಯ ಹಾರ್ಮೋನಿನಿಂದ ಅಂಡಾಣು ಬೆಳೆಸಿದರು. ಆದರೆ ಇಂಗ್ಲೆಂಡಿನ ಮೊದಲ ಪ್ರನಾಳ ಶಿಶು ಹುಟ್ಟಿದ್ದು ಈ ಮದ್ದಿಲ್ಲದೆ, ಸಹಜ ಋತುಚಕ್ರದಲ್ಲಿ ಸಿಕ್ಕ ಅಂಡಾಣುವಿನಿಂದ. 1978ರ ಅಕ್ಟೋಬರ್ 3ರಂದು ಕೋಲ್ಕತ್ತದಲ್ಲಿ ಮುಖರ್ಜಿಯವರ ಪ್ರನಾಳ ಶಿಶು ದುರ್ಗಾ ಹುಟ್ಟಿದಳು. ಸರ್ಕಾರದ ಸಮಿತಿ ಅವರ ಮಾತನ್ನು ನಂಬಲಿಲ್ಲ. 1981ರಲ್ಲಿ ಮುಖರ್ಜಿ ಆತ್ಮಹತ್ಯೆ ಮಾಡಿಕೊಂಡರು. ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. 1986ರಲ್ಲಿ ಮುಂಬೈಯಲ್ಲಿ ಹುಟ್ಟಿದ ಪ್ರನಾಳ ಶಿಶು ಹರ್ಷಾಳಿಂದ ದೇಶದ ಮೊದಲಿಗರೆನಿಸಿದ್ದ ವಿಜ್ಞಾನಿ ಟಿ.ಸಿ. ಆನಂದ್ ಕುಮಾರ್, ಮುಖರ್ಜಿಯವರ ಟಿಪ್ಪಣಿ ಓದಿ, ಆ ಹಿರಿಮೆ ಅವರದೇ ಎಂದು 1997ರಲ್ಲಿ ಬೆಂಗಳೂರಿನ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಬರೆದರು. ಹೀಗೆ ಪಟ್ಟ ಬಿಟ್ಟುಕೊಡುವವರು ಎಷ್ಟು ಜನ ಸಿಕ್ಕಾರು!

ಈಗ ಅತ್ತಿಗೆ ಚುಚ್ಚಿಕೊಂಡಂಥ ಹಾರ್ಮೋನನ್ನು ಪ್ರಯೋಗಾಲಯದ ಜೀವಕೋಶಗಳಲ್ಲೂ ಬೆಳೆಸುತ್ತಾರೆ. ಆದರೆ ಅದು ಹೊಸ ಅಂಡಾಣು ಹುಟ್ಟಿಸದು. ಆ ತಿಂಗಳು ಮೇಲೆದ್ದು ಬಂದವನ್ನಷ್ಟೇ ಬೆಳೆಸುತ್ತದೆ. ಹೀಗಾಗಿಯೇ 2019ರ ಯುರೋಪಿನ ಮಾರ್ಗಸೂಚಿ ‘ಪೂರ್ ರೆಸ್ಪಾಂಡರ್’ ಎನಿಸಿಕೊಂಡವರಿಗೆ ದಿನಕ್ಕೆ 300 ಯೂನಿಟ್ ಮೀರಿಸುವುದು ಬೇಡ ಎಂದಿತು. ಬೆಳವಣಿಗೆಯ ಹಾರ್ಮೋನನ್ನು ಜೊತೆಗೆ ಕೊಡುವುದಕ್ಕೂ ಅದು ಒಪ್ಪಲಿಲ್ಲ. ಗದ್ದೆಯಲ್ಲಿ ಇರುವುದೇ ಎರಡು ಸಸಿಯಾದರೆ ಗೊಬ್ಬರ ಸುರಿದು ಬೈಲು ತುಂಬೀತೇ? ಇದರಲ್ಲಿ ಹೆಣ್ಣಿನ ತಪ್ಪೇನಿದೆ?

ಡೋಸ್ ಏರಿಸಬಹುದಿತ್ತಲ್ಲ ಎಂದು ಅತ್ತಿಗೆ ಕೇಳಿದ್ದಕ್ಕೆ ಡಾಕ್ಟರಮ್ಮ ಬೇಡವೆಂದರಂತೆ. ಎರಡರಲ್ಲಿ ಒಂದು ಭ್ರೂಣವಾಗಿದೆ. ಅದನ್ನು ಗರ್ಭಕೋಶದಲ್ಲಿ ಇಡುವುದು ಬುಧವಾರ. ಈ ಸಲ ಬಸ್ಸಿನಲ್ಲಿ ನಾನೂ ಜೊತೆಗೆ ಹೋಗುತ್ತೇನೆ.