ತಿರುಗುವ ತಟ್ಟೆ ನಿಲ್ಲುವ ಮುನ್ನ

ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಉತ್ಪಾದನೆ ಶುರು ಮಾಡಿದ್ದು 1923ರಲ್ಲಿ. ಅದೇ ಊರಿನ ಮೈಸೂರು ಕಾಗದ ಕಾರ್ಖಾನೆ ಸ್ಥಾಪನೆಯಾದದ್ದು 1936ರಲ್ಲಿ. ಕೆಮ್ಮಣ್ಣುಗುಂಡಿಯ ಅದಿರು ಒಂದು ಕಡೆ ಕಬ್ಬಿಣವಾಗುತ್ತಿತ್ತು, ಮಲೆನಾಡಿನ ಬಿದಿರು ಇನ್ನೊಂದು ಕಡೆ ಕಾಗದವಾಗುತ್ತಿತ್ತು. ಬರೆದದ್ದನ್ನು ಹಿಡಿದಿಡುವ ಕಾಗದದ ಕೆಲಸವನ್ನು ಕಬ್ಬಿಣವೇ ಮಾಡಬಲ್ಲದು ಎಂದು ದೊಡ್ಡ ಪ್ರಮಾಣದಲ್ಲಿ ತೋರಿಸಿದ್ದು 1956ರ ಐಬಿಎಂ ರಾಮ್ಯಾಕ್ ಯಂತ್ರ. 24 ಅಂಗುಲ ಅಗಲದ 50 ತಟ್ಟೆಗಳಿಗೆ ಕಬ್ಬಿಣದ ಆಕ್ಸೈಡ್ ಬೆರೆಸಿದ ಬಣ್ಣ ಬಳಿದು, ಆ ಬಣ್ಣದ ಚುಕ್ಕೆಗಳನ್ನು ಅಯಸ್ಕಾಂತವಾಗಿಸಿ 50 ಲಕ್ಷ ಅಕ್ಷರ ಬರೆದಿಟ್ಟರು. ತೂಕ ಸುಮಾರು ಒಂದು ಟನ್. ಇವತ್ತಿನ ಮೊಬೈಲಿನಲ್ಲಿ ತೆಗೆದ ಒಂದು ಒಳ್ಳೆಯ ಫೋಟೊ ಅದರಲ್ಲಿ ಹಿಡಿಸುವುದು ಕಷ್ಟ.

ಆ ಯಂತ್ರದ ಮರಿಮಕ್ಕಳಾದ ಹಾರ್ಡ್ ಡಿಸ್ಕುಗಳು ಈಗ ಬಿ.ಎಚ್. ರಸ್ತೆಯ ಉದ್ದಕ್ಕೂ ಇವೆ. ಶಿವಮೊಗ್ಗದ ದುರ್ಗಿಗುಡಿಯಿಂದ ಭದ್ರಾವತಿಯ ನ್ಯೂಟೌನಿನವರೆಗೆ ಡಿಟಿಪಿ ಅಂಗಡಿ, ಫೋಟೊ ಸ್ಟುಡಿಯೊ, ಲೆಕ್ಕಪತ್ರದ ಕಚೇರಿ ಎಲ್ಲಿ ನೋಡಿದರೂ ಮೇಜಿನ ಕೆಳಗೊಂದು ಹಳೆಯ ಡೆಸ್ಕ್‌ಟಾಪ್. ಹತ್ತಾರು ವರ್ಷಗಳ ಲಗ್ನಪತ್ರಿಕೆ, ಮದುವೆ ಆಲ್ಬಮ್, ಅಡಿಕೆ ಮಂಡಿಯ ಬಿಲ್ಲು ಎಲ್ಲ ಅದರಲ್ಲೇ. ಒಂದು ದಿನ ಅದು ನಿಧಾನವಾಗುತ್ತದೆ. "ಸಾರ್, ಸಿಸ್ಟಮ್ ತುಂಬಾ ಹ್ಯಾಂಗ್ ಆಗ್ತಿದೆ" ಎಂದು ಅಂಗಡಿಗೆ ಒಯ್ದರೆ ಬರುವ ಉತ್ತರ, "ಬಿಟ್ಟೋಗಿ, ಫಾರ್ಮ್ಯಾಟ್ ಹೊಡೆದು ಓಎಸ್ ಹಾಕಿ ಕೊಡ್ತೀವಿ." ಹಾರ್ಡ್ ಡಿಸ್ಕ್ ಸಾಯುತ್ತಿರುವಾಗ ಕೊಡಬಹುದಾದ ಅತಿ ಕೆಟ್ಟ ಔಷಧ ಇದು. ಏಕೆಂದು ತಿಳಿಯಲು ಡಿಸ್ಕಿನ ಒಳಗೆ ನಡೆಯುವುದನ್ನು ನೋಡಬೇಕು.

ಈಗಿನ ಮೂರೂವರೆ ಅಂಗುಲದ ಡಿಸ್ಕಿನಲ್ಲಿ ಕಬ್ಬಿಣದ ಬಣ್ಣ ಇಲ್ಲ. ಕೋಬಾಲ್ಟ್, ಕ್ರೋಮಿಯಂ, ಪ್ಲಾಟಿನಂ ಬೆರೆತ ತೆಳು ಲೇಪ ಇದೆ. ತಟ್ಟೆ ಸಾಮಾನ್ಯವಾಗಿ ನಿಮಿಷಕ್ಕೆ 7200 ಸುತ್ತು ತಿರುಗುತ್ತದೆ, ಎಂದರೆ ಸೆಕೆಂಡಿಗೆ 120. ಅದರ ಹೊರ ಅಂಚಿನ ವೇಗ ಗಂಟೆಗೆ 120 ಕಿಲೋಮೀಟರಿಗೂ ಹೆಚ್ಚು. ಓದುವ, ಬರೆಯುವ ಹೆಡ್ಡು ಆ ತಟ್ಟೆಯನ್ನು ಮುಟ್ಟುವುದಿಲ್ಲ. ತಟ್ಟೆಯ ಜೊತೆ ಸುತ್ತುವ ಗಾಳಿಯೇ ಅದನ್ನು ಎತ್ತಿ ಹಿಡಿದಿರುತ್ತದೆ, ಕೆಲವೇ ನ್ಯಾನೊಮೀಟರ್ ಎತ್ತರದಲ್ಲಿ. ನಮ್ಮ ತಲೆಗೂದಲಿನ ದಪ್ಪ ಸುಮಾರು 80 ಸಾವಿರ ನ್ಯಾನೊಮೀಟರ್ ಎಂದರೆ ಆ ಸಂದು ಎಷ್ಟು ಕಿರಿದು ಎಂದು ಊಹಿಸಬಹುದು. ಕಣ್ಣಿಗೆ ಕಾಣದ ಧೂಳಿನ ಕಣವೂ ಅಲ್ಲಿ ಬಂಡೆ. ಡಿಸ್ಕಿನ ಮುಚ್ಚಳವನ್ನು ಮನೆಯಲ್ಲಿ ಬಿಚ್ಚಬಾರದು ಎನ್ನುವುದು ಇದಕ್ಕೇ.

ತಟ್ಟೆಯ ಮೇಲಿನ ಅತಿ ಕ್ಷೀಣ ಅಯಸ್ಕಾಂತ ಬಲವನ್ನು ಗುರುತಿಸುವುದಕ್ಕೆ 1988ರಲ್ಲಿ ಆಲ್ಬರ್ಟ್ ಫೆರ್ಟ್ ಮತ್ತು ಪೀಟರ್ ಗ್ರುನ್‌ಬರ್ಗ್ ಬೇರೆ ಬೇರೆಯಾಗಿ ಕಂಡುಕೊಂಡ ವಿದ್ಯಮಾನ ದಾರಿ ಮಾಡಿಕೊಟ್ಟಿತು. ಕೆಲವೇ ಪರಮಾಣು ದಪ್ಪದ ಲೋಹದ ಪದರಗಳನ್ನು ಒಂದರ ಮೇಲೊಂದು ಜೋಡಿಸಿದರೆ, ಹೊರಗಿನ ಸಣ್ಣ ಅಯಸ್ಕಾಂತ ಬಲಕ್ಕೂ ಅವುಗಳ ವಿದ್ಯುತ್ ರೋಧ ಎದ್ದು ಕಾಣುವಷ್ಟು ಬದಲಾಗುತ್ತದೆ. ಇಬ್ಬರಿಗೂ 2007ರ ಭೌತಶಾಸ್ತ್ರದ ನೊಬೆಲ್ ಬಂತು. ಸಾಮಾನ್ಯ ಮನುಷ್ಯರ ಮೇಜಿನ ಕೆಳಗೆ ಇಷ್ಟು ನೇರವಾಗಿ ಬಂದು ಕುಳಿತ ನೊಬೆಲ್ ಸಂಶೋಧನೆಗಳು ಕಡಿಮೆ.

ಮಲೆನಾಡಿನ ಮಳೆಗಾಲದಲ್ಲಿ ಗುಡುಗಿಗೆ ಮುಂಚೆಯೇ ಕರೆಂಟ್ ಹೋಗುತ್ತದೆ. ಆಗ ಹೆಡ್ಡು ತಟ್ಟೆಯ ಮೇಲೆ ಬೀಳುವುದಿಲ್ಲವೇ? ಇಲ್ಲ. ಇನ್ನೂ ಸುತ್ತುತ್ತಿರುವ ಮೋಟಾರು ಆ ಕ್ಷಣ ಜನರೇಟರ್ ಆಗುತ್ತದೆ. ಅದು ಕೊಡುವ ವಿದ್ಯುತ್ತಿನಿಂದಲೇ ಹೆಡ್ಡು ತನ್ನ ಗೂಡಿಗೆ ಮರಳುತ್ತದೆ. ಈ ಏರ್ಪಾಟು ನನಗೆ ಬಲು ಇಷ್ಟ. ಆದರೆ ಇದು ತುರ್ತಿನ ಉಪಾಯ, ಮಾಮೂಲಾಗಿ ಶಟ್‌ಡೌನ್ ಮಾಡಿದಾಗಿನಷ್ಟು ಮೃದುವಲ್ಲ. ಬರೆಯುತ್ತಿದ್ದ ಫೈಲು ಅರ್ಧಕ್ಕೇ ನಿಲ್ಲುವುದೂ ಉಂಟು. ಯುಪಿಎಸ್‌ನ ಬ್ಯಾಟರಿ ಸತ್ತಿದ್ದರೆ ಜೂನ್‌ಗೆ ಮುಂಚೆ ಬದಲಿಸಿ.

ತಟ್ಟೆಯ ಒಂದು ಜಾಗ ಓದಲು ಬಾರದಂತಾದರೆ ಡಿಸ್ಕು ಸುಲಭಕ್ಕೆ ಕೈಬಿಡುವುದಿಲ್ಲ. ಅದೇ ಜಾಗವನ್ನು ಮತ್ತೆ ಮತ್ತೆ ಓದಲು ಹೆಣಗುತ್ತದೆ, ಕೆಲವೊಮ್ಮೆ ಹಲವು ಸೆಕೆಂಡು. ವಿಂಡೋಸ್ ಅಷ್ಟೂ ಹೊತ್ತು ಕಾಯುತ್ತದೆ. ನಾವು ಹ್ಯಾಂಗ್ ಎನ್ನುವುದು ಎಷ್ಟೋ ಸಲ ಈ ಕಾಯುವಿಕೆಯನ್ನೇ. ಆ ಜಾಗ ಪೂರ್ತಿ ಕೆಟ್ಟಿದೆ ಎಂದು ಖಚಿತವಾದರೆ ಡಿಸ್ಕು ಅದನ್ನು ಬಿಟ್ಟು, ಮೊದಲೇ ಕಾದಿರಿಸಿದ ಬದಲಿ ಜಾಗವನ್ನು ಬಳಸುತ್ತದೆ. ಕಿರ್ದಿ ಪುಸ್ತಕದ ಹಾಳೆ ಹರಿದಾಗ 'ಈ ಲೆಕ್ಕ ಕೊನೆಯ ಹಾಳೆಯಲ್ಲಿ' ಎಂದು ಶಾನುಭೋಗರು ಬರೆದಿಟ್ಟ ಹಾಗೆ. ಈ ಬದಲಾವಣೆಗಳ ಎಣಿಕೆಯನ್ನು ಡಿಸ್ಕು ತಾನೇ ಇಟ್ಟುಕೊಂಡಿರುತ್ತದೆ. ಆ ದಾಖಲೆಗೆ ಸ್ಮಾರ್ಟ್ ಎಂದು ಹೆಸರು. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಉಚಿತ ತಂತ್ರಾಂಶದಲ್ಲಿ ಅದನ್ನು ನೋಡಬಹುದು. ಐಡಿ 5ರ ಸಾಲು ಬದಲಾಯಿಸಿದ ಜಾಗಗಳು (ಸೆಕ್ಟರುಗಳು), ಐಡಿ 197ರದ್ದು (ಅಲ್ಲಿ C5 ಎಂದು ಕಾಣುತ್ತದೆ) ಓದಲಾಗದೆ ತೀರ್ಮಾನಕ್ಕೆ ಕಾದಿರುವವು. ಇವು ಸೊನ್ನೆಯಲ್ಲಿದ್ದರೆ ಒಳ್ಳೆಯದು. ಏರುತ್ತಿದ್ದರೆ ಅದೇ ದಿನ ಕೆಲಸ ಶುರುವಾಗಬೇಕು. ಐಡಿ 199ರ (C7) ಸಾಲು ಮಾತ್ರ ಏರುತ್ತಿದ್ದರೆ ತಪ್ಪು ಡಿಸ್ಕಿನದಲ್ಲದೆ ಅದನ್ನು ಕಂಪ್ಯೂಟರಿಗೆ ಜೋಡಿಸುವ ಸಾಟಾ ಕೇಬಲಿನದಾಗಿರುವ ಸಾಧ್ಯತೆ ಹೆಚ್ಚು; ಮೊದಲು ಕೇಬಲ್ ಬದಲಿಸಿ ನೋಡಿ.

ಗೂಗಲ್‌ನ ಎಂಜಿನಿಯರುಗಳು ಒಂದು ಲಕ್ಷಕ್ಕೂ ಹೆಚ್ಚು ಡಿಸ್ಕುಗಳನ್ನು ಗಮನಿಸಿ 2007ರಲ್ಲಿ ವರದಿ ಪ್ರಕಟಿಸಿದರು. ಡಿಸ್ಕು ತನ್ನನ್ನು ತಾನೇ ತಪಾಸಣೆ ಮಾಡಿಕೊಳ್ಳುವಾಗ ಮೊದಲ ದೋಷ ಸಿಕ್ಕ ಮೇಲೆ, 60 ದಿನದೊಳಗೆ ಅದು ಸಾಯುವ ಸಂಭವ ದೋಷವಿಲ್ಲದ ಡಿಸ್ಕಿಗಿಂತ 39 ಪಟ್ಟು ಹೆಚ್ಚು ಎಂದು ಅವರಿಗೆ ಕಂಡಿತು. ಅದೇ ವರದಿಯ ಇನ್ನೊಂದು ಮಾತು ಅಷ್ಟೇ ಮುಖ್ಯ: ಸತ್ತ ಡಿಸ್ಕುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಸ್ಮಾರ್ಟ್‌ನ ಮುಖ್ಯವಾದ ನಾಲ್ಕು ಸೂಚನೆಗಳಲ್ಲಿ ಒಂದನ್ನೂ ತೋರಿಸಿರಲಿಲ್ಲ. ಸೂಚನೆ ಬಂದರೆ ನಂಬಬೇಕು. ಬರಲಿಲ್ಲವೆಂದು ನಿಶ್ಚಿಂತರಾಗುವಂತಿಲ್ಲ.

ಈಗ ಆ ಕೆಟ್ಟ ಔಷಧಕ್ಕೆ ಬರೋಣ. ಫಾರ್ಮ್ಯಾಟ್ ಮಾಡಿ ವಿಂಡೋಸ್ ಹಾಕುವುದೆಂದರೆ ದುರ್ಬಲವಾದ ತಟ್ಟೆಯ ಮೇಲೆ ಹತ್ತಾರು ಜಿಬಿ ಹೊಸದಾಗಿ ಬರೆಯುವುದು. ಹಳೆಯ ಫೈಲುಗಳ ಮೇಲೆಯೇ ಬರೆದರೂ ಬರೆಯಬಹುದು. 'ಚೆಕ್ ಡಿಸ್ಕ್' ಓಡಿಸಿದರೆ ಅದು ಕೆಟ್ಟ ಜಾಗಗಳನ್ನೇ ಹುಡುಕಿಕೊಂಡು ಹೋಗಿ ಹೆಡ್ಡನ್ನು ದಣಿಸುತ್ತದೆ. ಸಾಯುತ್ತಿರುವ ಡಿಸ್ಕಿನಲ್ಲಿ ಇನ್ನೆಷ್ಟು ಗಂಟೆಯ ಓಟ ಉಳಿದಿದೆಯೋ ಯಾರಿಗೂ ತಿಳಿಯದು. ಆ ಗಂಟೆಗಳನ್ನು ನಕಲಿಗೆ ಮಾತ್ರ ಖರ್ಚು ಮಾಡಬೇಕು, ರಿಪೇರಿಗೆ ಅಲ್ಲ. ತೀರಾ ಬೇಕಾದ ಫೋಲ್ಡರುಗಳು ಮೊದಲು, ಆಮೇಲೆ ಇಡೀ ಡಿಸ್ಕು. ಆರೋಗ್ಯವಾಗಿರುವ ಡಿಸ್ಕಿನಿಂದ 1 ಟಿಬಿ ನಕಲಾಗಲು, ಸೆಕೆಂಡಿಗೆ 100 ಎಂಬಿ ವೇಗದಲ್ಲಿ, ಸುಮಾರು ಮೂರು ಗಂಟೆ ಸಾಕು. ಕೆಟ್ಟದ್ದು ದಿನಗಟ್ಟಲೆ ತೆಗೆದುಕೊಳ್ಳಬಹುದು.

ಇಂಥ ನಕಲಿಗೆ ಜಿಎನ್‌ಯು ಡಿಡಿರೆಸ್ಕ್ಯೂ ಎಂಬ ಉಚಿತ ತಂತ್ರಾಂಶ ಇದೆ. ಲಿನಕ್ಸ್ ಇರುವ ಪೆನ್‌ಡ್ರೈವಿನಿಂದ ಕಂಪ್ಯೂಟರ್ ಶುರು ಮಾಡಿ ಓಡಿಸಬೇಕು. ಅದರ ಜಾಣತನ ಇರುವುದು ಕ್ರಮದಲ್ಲಿ: ಸುಲಭವಾಗಿ ಓದಬಹುದಾದ ಜಾಗಗಳನ್ನು ಮೊದಲು ಬಾಚಿಕೊಂಡು, ತಕರಾರು ಮಾಡುವ ಜಾಗಗಳನ್ನು ಹಾರಿ ಮುಂದೆ ಹೋಗಿ, ಕೊನೆಗೆ ಅವುಗಳ ಬಳಿ ತಿರುಗಿ ಬರುತ್ತದೆ. ಎಲ್ಲಿಯವರೆಗೆ ಬಂದೆ ಎಂದು ಒಂದು ನಕ್ಷೆ ಫೈಲಿನಲ್ಲಿ ಬರೆದಿಡುವುದರಿಂದ ನಡುವೆ ನಿಂತರೂ ಅಲ್ಲಿಂದಲೇ ಮುಂದುವರಿಯಬಹುದು. ಯಾವುದರಿಂದ ಯಾವುದಕ್ಕೆ ಎನ್ನುವುದನ್ನು ಮಾತ್ರ ಎರಡು ಸಲ ಓದಿ ಎಂಟರ್ ಒತ್ತಿ. ಅದಲು ಬದಲಾದರೆ ಖಾಲಿ ಡಿಸ್ಕು ತುಂಬಿದ ಡಿಸ್ಕನ್ನು ಅಳಿಸಿಬಿಡುತ್ತದೆ. ಡಿಸ್ಕು ಟಿಕ್ ಟಿಕ್ ಎಂದು ಒಂದೇ ಸಮ ಬಡಿದುಕೊಳ್ಳುತ್ತಿದ್ದರೆ ಇದೂ ಬೇಡ. ಕರೆಂಟ್ ತೆಗೆದು, ಧೂಳಿಲ್ಲದ ಕೊಠಡಿ ಇರುವ ಡೇಟಾ ರಿಕವರಿ ಕೇಂದ್ರಕ್ಕೆ ಕಳಿಸುವುದೊಂದೇ ದಾರಿ. ಅದು ದುಬಾರಿ.

ಡಿಸ್ಕು ಬದಲಿಸುವ ಕೆಲಸ ಇದರ ಮುಂದೆ ಏನೂ ಅಲ್ಲ. ಪ್ಲಗ್ ಕಿತ್ತು, ನಾವೆಲ್ಲ ಸಿಪಿಯು ಎಂದು ಕರೆಯುವ ಡಬ್ಬದ ಪಕ್ಕದ ತಗಡು ತೆಗೆದರೆ ಡಿಸ್ಕಿಗೆ ಎರಡು ತಂತಿ: ಅಗಲವಾದದ್ದು ವಿದ್ಯುತ್ತಿಗೆ, ಕಿರಿದಾದದ್ದು ಮಾಹಿತಿಗೆ. ಎರಡೂ ಒಂದೇ ದಿಕ್ಕಿನಲ್ಲಿ ಮಾತ್ರ ಕೂರುತ್ತವೆ, ಒತ್ತಾಯ ಬೇಡ. ಹೊಸದಾಗಿ, ತಿರುಗುವ ತಟ್ಟೆಯೇ ಇಲ್ಲದ ಎಸ್‌ಎಸ್‌ಡಿ ಹಾಕುವುದಾದರೆ ಹಳೆಯ ಸ್ಕ್ರೂ ಹೊಂದುವುದಿಲ್ಲ, ಅದರ ಸ್ಕ್ರೂ ಸಣ್ಣದು. ನಕಲಾದ ಮೇಲೆ ಹಳೆಯದನ್ನೂ ಹೊಸದನ್ನೂ ಒಟ್ಟಿಗೆ ಜೋಡಿಸಿ ವಿಂಡೋಸ್ ಶುರು ಮಾಡಬೇಡಿ. ಎರಡರ ಗುರುತಿನ ಸಂಖ್ಯೆಯೂ ಒಂದೇ ಆಗಿರುವುದರಿಂದ ಅದು ಗೊಂದಲಕ್ಕೆ ಬೀಳುತ್ತದೆ. ವಿಂಡೋಸ್‌ಗೆ ಎಸ್‌ಎಸ್‌ಡಿ, ಹಳೆಯ ಕೆಲಸಗಳ ಸಂಗ್ರಹಕ್ಕೆ ತಿರುಗುವ ಡಿಸ್ಕು ಎಂಬ ಜೋಡಿ ಈಗಲೂ ನನ್ನ ಆಯ್ಕೆ. ಎಸ್‌ಎಸ್‌ಡಿ ಕೆಡುವಾಗ ಎಷ್ಟೋ ಸಲ ಟಿಕ್ ಎಂದೂ ಹೇಳದೆ ಕೆಡುತ್ತದೆ.

ಡಿಟಿಪಿ ಅಂಗಡಿಯವರಿಗೆ ಒಂದು ಮಾತು ಹೆಚ್ಚಿಗೆ ಹೇಳಬೇಕು. ಡಿ ಡ್ರೈವಿನ ಫೈಲುಗಳನ್ನಷ್ಟೇ ನಕಲು ಮಾಡಿಕೊಂಡರೆ ಸಾಲದು. ನುಡಿ, ಬರಹ, ಶ್ರೀಲಿಪಿಗಳ ಹಳೆಯ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಸಂಕೇತಗಳ ಜಾಗದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿದವು. ಯುನಿಕೋಡ್‌ಗೆ ಮುಂಚಿನ ಪೇಜ್‌ಮೇಕರ್ ಫೈಲಿನಲ್ಲಿ ಇರುವುದು ಆ ಸಂಕೇತಗಳು ಮಾತ್ರ. ಫಾಂಟು ಸಿ ಡ್ರೈವಿನ ವಿಂಡೋಸ್ ಫೋಲ್ಡರಿನಲ್ಲಿ ಉಳಿದುಹೋದರೆ ಲಗ್ನಪತ್ರಿಕೆಯ ಜಾಗದಲ್ಲಿ ಅರ್ಥವಿಲ್ಲದ ರೋಮನ್ ಅಕ್ಷರಗಳ ಸಾಲು ಕಾಣುತ್ತದೆ. ಆದ್ದರಿಂದ ಫಾಂಟ್ಸ್ ಫೋಲ್ಡರನ್ನು ಪೂರ್ತಿ ತೆಗೆದುಕೊಳ್ಳಿ. ಹೊಸ ಡಿಸ್ಕಿನಲ್ಲಿ ಬೇರೆ ಬೇರೆ ವರ್ಷಗಳ ನಾಲ್ಕಾರು ಫೈಲುಗಳನ್ನು ತೆರೆದು, ಒತ್ತಕ್ಷರಗಳು ಸರಿಯಾಗಿವೆಯೇ ನೋಡಿ, ಇನ್ನೊಂದು ನಕಲನ್ನು ಹೊರಗಿನ ಡಿಸ್ಕಿಗೆ ಹಾಕಿ ಅಂಗಡಿಯಲ್ಲಿಡದೆ ಮನೆಯಲ್ಲಿಡಿ.

ಹಳೆಯ ಡಿಸ್ಕನ್ನು ಗುಜರಿಗೆ ಹಾಕುವ ಮಾತು ಅದಾದ ಮೇಲೆ. ಅದರಲ್ಲಿ ಗಿರಾಕಿಗಳ ಆಧಾರ್ ಪ್ರತಿ, ಮನೆಯ ಹೆಣ್ಣುಮಕ್ಕಳ ಫೋಟೊ ಇರುತ್ತವೆ. ಡಿಲೀಟ್ ಒತ್ತಿದರೆ ಅವು ತಟ್ಟೆಯಿಂದ ಅಳಿಯುವುದಿಲ್ಲ. ಡಿಸ್ಕು ಇನ್ನೂ ತಿರುಗುತ್ತಿದ್ದರೆ ಇಡೀ ಡಿಸ್ಕಿನ ಮೇಲೆ ಸೊನ್ನೆ ಬರೆಸಿ. ತಿರುಗದಿದ್ದರೆ ಡ್ರಿಲ್ಲಿನಿಂದ ತಟ್ಟೆಗೆ ಮೂರು ನಾಲ್ಕು ತೂತು ಕೊರೆದು ಇ-ತ್ಯಾಜ್ಯಕ್ಕೆ ಕೊಡಿ. ಕೊರೆಯುವಾಗ ಕಣ್ಣಿಗೆ ಕನ್ನಡಕ ಇರಲಿ, ಕೆಲವು ತಟ್ಟೆಗಳು ಗಾಜಿನವು.