ವೃದ್ಧರು ಬಾಯಿಬಿಟ್ಟು ಹೇಳದ ಕಾಯಿಲೆ

ಕೆಲವು ಕಾಯಿಲೆಗಳನ್ನು ಕುರಿತು ನಾವು ಧಾರಾಳವಾಗಿ ಮಾತನಾಡುತ್ತೇವೆ. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಮಂಡಿನೋವು ಇವೆಲ್ಲ ನಿವೃತ್ತರ ಸಂಜೆಯ ಹರಟೆಯಲ್ಲಿ ಮಳೆ ಬೆಳೆಯಷ್ಟೇ ಸಲೀಸಾದ ವಿಷಯಗಳು. ಆದರೆ ಮೂತ್ರದ ತೊಂದರೆಯ ಮಾತು ಬಂದೊಡನೆ ಎಲ್ಲರೂ ಮೌನ ತಾಳುತ್ತಾರೆ. ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರು ಈ ಮೌನದ ಮರೆಯಲ್ಲಿ ಬೆಳೆಯುವ ಕಾಯಿಲೆ. ನಾನು ವೈದ್ಯನಲ್ಲ, ಕನ್ನಡ ಪಾಠ ಹೇಳಿ ನಿವೃತ್ತನಾದವನು. ಆದರೂ ಈ ವಿಷಯವನ್ನು ಎತ್ತಿಕೊಂಡದ್ದು ಏಕೆಂಬುದನ್ನು ಕೊನೆಯಲ್ಲಿ ಅರಿಕೆ ಮಾಡುತ್ತೇನೆ.

ಪ್ರಾಸ್ಟೇಟ್ ಗಂಡಸರಲ್ಲಿ ಮಾತ್ರ ಇರುವ ಗ್ರಂಥಿ. ಮೂತ್ರಕೋಶದ ಕೆಳಗೆ, ಮೂತ್ರನಾಳವನ್ನು ಸುತ್ತುವರಿದು, ಯೌವನದಲ್ಲಿ ಸಿಪ್ಪೆಸಹಿತವಾದ ಅಡಿಕೆಕಾಯಿಯಷ್ಟು ಗಾತ್ರದಲ್ಲಿರುತ್ತದೆ. ವಯಸ್ಸಾದಂತೆ ಬಹುಮಂದಿಯಲ್ಲಿ ಇದು ಹಿಗ್ಗಿ ನಾಳವನ್ನು ಒತ್ತುತ್ತದೆ. ರಾತ್ರಿ ಮೂರು ನಾಲ್ಕು ಸಲ ಏಳಬೇಕಾಗುವುದೂ ಮೂತ್ರದ ಧಾರೆ ಕುಗ್ಗುವುದೂ ಸಾಮಾನ್ಯವಾಗಿ ಇದರಿಂದ. ಈ ಹಿಗ್ಗುವಿಕೆ ಕ್ಯಾನ್ಸರಲ್ಲ. ಮುಂದೆ ಕ್ಯಾನ್ಸರಾಗಿ ಮಾರ್ಪಡುವುದೂ ಇಲ್ಲ. ಆದರೆ ಎರಡೂ ಒಬ್ಬನಲ್ಲಿಯೇ ಇರಬಹುದು. ಕ್ಯಾನ್ಸರಾದರೋ ಮೊದಲ ಹಂತದಲ್ಲಿ ಸಾಮಾನ್ಯವಾಗಿ ಯಾವ ಲಕ್ಷಣವನ್ನೂ ತೋರುವುದಿಲ್ಲ.

೧೮೫೩ರಲ್ಲಿ ಲಂಡನ್ನಿನ ಶಸ್ತ್ರವೈದ್ಯ ಜಾನ್ ಆಡಮ್ಸ್ ಈ ಕ್ಯಾನ್ಸರನ್ನು ಸೂಕ್ಷ್ಮದರ್ಶಕದ ನೆರವಿನಿಂದ ಗುರುತಿಸಿ ವರದಿಮಾಡಿದಾಗ, ಇದೊಂದು ಅತಿ ವಿರಳವಾದ ಕಾಯಿಲೆಯೆಂದು ಬಣ್ಣಿಸಿದನು. ೨೦೨೨ರಲ್ಲಿಯಾದರೋ ಪ್ರಪಂಚದಲ್ಲಿ ಸುಮಾರು ಹದಿನಾಲ್ಕೂವರೆ ಲಕ್ಷ ಮಂದಿಯಲ್ಲಿ ಇದು ಹೊಸದಾಗಿ ಪತ್ತೆಯಾಯಿತು. ವಿರಳವಾಗಿದ್ದುದು ಇಷ್ಟು ಹರಡಲು ಪತ್ತೆಹಚ್ಚುವ ವಿಧಾನಗಳು ಸುಧಾರಿಸಿದ್ದು ಒಂದು ಕಾರಣ. ಮನುಷ್ಯ ಹೆಚ್ಚು ಕಾಲ ಬದುಕತೊಡಗಿದ್ದು ಇನ್ನೊಂದು. ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆ ೧೯೮೨ರಿಂದ ನಗರದ ಕ್ಯಾನ್ಸರ್ ರೋಗಿಗಳ ಲೆಕ್ಕವಿಡುತ್ತ ಬಂದಿದೆ. ಆ ಲೆಕ್ಕದಲ್ಲಿಯೂ ಈ ಕಾಯಿಲೆ ಏರುಮುಖವಾಗಿದೆ.

ಇದು ಯಾರಿಗೆ ಬರುತ್ತದೆ? ಇಲ್ಲಿ ಅಪಾಯದ ಅಂಶವೇ ಬೇರೆ, ಕಾರಣವೇ ಬೇರೆ ಎಂಬುದನ್ನು ನೆನಪಿಡಬೇಕು. ಮೋಡ ಕವಿದ ದಿನಗಳಲ್ಲೆಲ್ಲ ಮಳೆ ಸುರಿಯುವುದಿಲ್ಲ. ಆದರೂ ಮೋಡ ಕಂಡವನು ಕೊಡೆ ಹಿಡಿದು ಹೊರಡುತ್ತಾನೆ. ಅಪಾಯದ ಅಂಶವೆಂದರೆ ಅಂಥ ಮೋಡ.

ಅವುಗಳಲ್ಲಿ ಮೊದಲನೆಯದು ವಯಸ್ಸು. ನಲವತ್ತರ ಒಳಗೆ ಈ ಕ್ಯಾನ್ಸರು ಅತಿ ಅಪರೂಪ; ಐವತ್ತು ದಾಟಿದ ಮೇಲೆ ಬೇಗಬೇಗನೆ ಏರುತ್ತದೆ. ಬೇರೆ ಕಾರಣಗಳಿಂದ ಎಪ್ಪತ್ತರ ಆಚೆ ತೀರಿಕೊಂಡವರ ದೇಹಗಳನ್ನು ಪರೀಕ್ಷಿಸಿದಾಗ, ಅನೇಕರಲ್ಲಿ ಈ ಕ್ಯಾನ್ಸರಿನ ಸಣ್ಣ ಕುರುಹುಗಳು ಸಿಕ್ಕಿರುವುದುಂಟು. ಬದುಕಿರುವಾಗ ಅವರಿಗೆ ಅದರಿಂದ ಯಾವ ಬಾಧೆಯೂ ಆಗಿರಲಿಲ್ಲ.

ಎರಡನೆಯದು ವಂಶ. ತಂದೆಗೋ ಒಡಹುಟ್ಟಿದವನಿಗೋ ಈ ಕಾಯಿಲೆ ಬಂದಿದ್ದರೆ ಸಂಭವ ಸುಮಾರು ಇಮ್ಮಡಿಯಾಗುತ್ತದೆ. ಇಬ್ಬರು ಮೂವರಿಗೆ ಬಂದಿದ್ದರೆ, ಅಥವಾ ಚಿಕ್ಕ ವಯಸ್ಸಿನಲ್ಲಿಯೇ ಬಂದಿದ್ದರೆ, ಇನ್ನೂ ಹೆಚ್ಚು. ಇದು ಗಂಡಸರ ಕಾಯಿಲೆಯಾದ್ದರಿಂದ ತಂದೆಯ ಕಡೆಯನ್ನು ಮಾತ್ರ ವಿಚಾರಿಸಿದರೆ ಸಾಕೆಂದು ತಿಳಿಯುವುದು ತಪ್ಪು. ಬಿಆರ್‌ಸಿಎ-೨ ಎಂಬ ಜೀನಿನಲ್ಲಿ ದೋಷವಿದ್ದರೆ ಹೆಂಗಸರಲ್ಲಿ ಸ್ತನ ಮತ್ತು ಅಂಡಾಶಯದ ಕ್ಯಾನ್ಸರುಗಳ ಅಪಾಯ ಹೆಚ್ಚುತ್ತದೆ. ಅದೇ ದೋಷ ಗಂಡಸರಲ್ಲಿ ಪ್ರಾಸ್ಟೇಟಿನ ಕ್ಯಾನ್ಸರಿಗೆ, ಅದರಲ್ಲೂ ಉಗ್ರಸ್ವರೂಪದ್ದಕ್ಕೆ, ದಾರಿಮಾಡುತ್ತದೆ. ತಾಯಿಗೋ ಸೋದರಿಗೋ ಬಂದ ಕಾಯಿಲೆಯೂ ಮಗನಿಗೆ, ಸೋದರನಿಗೆ ಎಚ್ಚರಿಕೆಯಾಗಬಹುದು.

ಇನ್ನು ಜನಾಂಗ ಮತ್ತು ನೆಲ. ಆಫ್ರಿಕ ಮೂಲದ ಅಮೆರಿಕನ್ನರಲ್ಲಿ ಈ ಕಾಯಿಲೆಯೂ ಇದರಿಂದಾಗುವ ಸಾವೂ ಅಧಿಕ, ಏಷ್ಯದಲ್ಲಿ ಕಡಮೆ. ಆದರೆ ಜಪಾನಿನಿಂದ ಅಮೆರಿಕಕ್ಕೆ ವಲಸೆ ಹೋದವರಲ್ಲಿ ತವರಿನವರಿಗಿಂತ ಹೆಚ್ಚಾಗಿ ಕಂಡುಬಂದಿದೆ. ರಕ್ತವೊಂದೇ ಅಲ್ಲ, ಬದುಕುವ ರೀತಿಯೂ ಇದರಲ್ಲಿ ಸೇರಿದೆಯೆಂದಾಯಿತು. ಸ್ಥೂಲಕಾಯರಲ್ಲಿ ಉಗ್ರಸ್ವರೂಪದ ಕ್ಯಾನ್ಸರೂ, ಧೂಮಪಾನಿಗಳಲ್ಲಿ ಇದರಿಂದಾಗುವ ಸಾವೂ ಹೆಚ್ಚು. ಗುಳಿಗೆ ನುಂಗಿ ಇದನ್ನು ತಡೆಯುವೆನೆನ್ನುವವರಿಗೆ ಒಂದು ಮಾತು: ವಿಟಮಿನ್ ಇ ಮತ್ತು ಸೆಲೆನಿಯಂಗಳನ್ನು ಮೂವತ್ತೈದು ಸಾವಿರಕ್ಕೂ ಮಿಕ್ಕ ಗಂಡಸರ ಮೇಲೆ ಪರೀಕ್ಷಿಸಿದ ಪ್ರಯೋಗವನ್ನು, ಪ್ರಯೋಜನ ಕಾಣದೆ ೨೦೦೮ರಲ್ಲಿ ನಿಲ್ಲಿಸಿದರು. ಬರಿಯ ವಿಟಮಿನ್ ಇ ಸೇವಿಸಿದವರಲ್ಲಿ ಈ ಕ್ಯಾನ್ಸರು ಶೇಕಡ ೧೭ರಷ್ಟು ಹೆಚ್ಚಿತ್ತೆಂದು ೨೦೧೧ರಲ್ಲಿ ಹೊರಬಿತ್ತು.

ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ನನ್ನ ಪೀಳಿಗೆಯ ಕೆಲವರಿಗೆ ಅದೇ ಮುಳುವಾದೀತೆಂಬ ಅಳುಕಿದೆ. ಅಂಥ ಸಂಬಂಧವೇನಾದರೂ ಇದ್ದರೂ ಅದು ಅತ್ಯಲ್ಪವೆಂಬುದೇ ದೊಡ್ಡ ಅಧ್ಯಯನಗಳ ಸಾರ.

ಇನ್ನು ನನ್ನ ಅರಿಕೆ. ನನ್ನ ಅಣ್ಣನವರಿಗೆ ಎಪ್ಪತ್ತರ ಹತ್ತಿರದಲ್ಲಿ ಈ ಕಾಯಿಲೆ ಪತ್ತೆಯಾಯಿತು. ವೈದ್ಯರು, "ತಂದೆಯವರಿಗೆ ಇತ್ತೇ?" ಎಂದು ಕೇಳಿದರು. ನಾವಿಬ್ಬರೂ ಮುಖಮುಖ ನೋಡಿಕೊಂಡೆವು. ತಂದೆಯವರು ಕಡೆಯ ವರ್ಷ ಸೊಂಟದ ನೋವಿನಿಂದ ಮಲಗಿದ್ದರು. ವಾಯು ಎಂದು ಎಣ್ಣೆ ತಿಕ್ಕಿದ್ದೆವು. ಈ ಕ್ಯಾನ್ಸರು ಹರಡಿದರೆ ಬೆನ್ನುಮೂಳೆಯನ್ನು ಹಿಡಿಯುವುದುಂಟೆಂದು ನನಗೆ ಆಗ ತಿಳಿಯದು. ಅವರಿಗೆ ಇದ್ದುದು ಇದೇ ಎಂದು ಹೇಳಲಾರೆ. ಅಲ್ಲವೆಂದು ಹೇಳಬಲ್ಲವರೂ ಈಗ ಉಳಿದಿಲ್ಲ. ವೈದ್ಯರು ನನ್ನ ಕಡೆ ತಿರುಗಿ, "ನಿಮಗೆ ವಯಸ್ಸೆಷ್ಟು?" ಎಂದರು. ಅಣ್ಣನವರು ಎರಡು ವರ್ಷದಿಂದ ತೊಂದರೆಪಡುತ್ತಿದ್ದುದು ನನಗೆ ಅಂದೇ ತಿಳಿದದ್ದು.

ಪಿಎಸ್‌ಎ ಎಂಬ ರಕ್ತಪರೀಕ್ಷೆಯೊಂದಿದೆ. ಅದು ಪೂರ್ಣ ನಂಬತಕ್ಕದ್ದಲ್ಲ; ಗ್ರಂಥಿ ಹಿಗ್ಗಿದರೂ ಸೋಂಕು ತಗುಲಿದರೂ ಅಂಕಿ ಏರುತ್ತದೆ. ನಿರಪಾಯಕರವಾದ ಕ್ಯಾನ್ಸರನ್ನು ಬಯಲಿಗೆಳೆದು ಅನಗತ್ಯ ಚಿಕಿತ್ಸೆಗೆ ಗುರಿಮಾಡುವುದೂ ಉಂಟು. ಎಪ್ಪತ್ತು ದಾಟಿದವರಿಗೆ, ಲಕ್ಷಣಗಳಿಲ್ಲದಿದ್ದರೆ, ಇದರಿಂದ ಲಾಭಕ್ಕಿಂತ ತೊಡಕೇ ಹೆಚ್ಚೆಂದು ಅನೇಕ ತಜ್ಞರ ಮತ. ಆದ್ದರಿಂದ ಐವತ್ತರ ಸುಮಾರಿನಲ್ಲಿ, ವಂಶದಲ್ಲಿದ್ದರೆ ನಲವತ್ತೈದಕ್ಕೇ, ವೈದ್ಯರೊಡನೆ ಸಮಾಲೋಚಿಸಿ ಮಾಡಿಸಬೇಕೇ ಬೇಡವೇ ಎಂದು ನಿರ್ಧರಿಸುವುದು ಲೇಸು.

ವಯಸ್ಸನ್ನು ಹಿಂದಕ್ಕೆ ತಳ್ಳಲಾಗದು, ವಂಶವನ್ನು ಬದಲಿಸಲಾಗದು. ವಂಶದ ವಿಷಯವನ್ನು ಮಕ್ಕಳಿಗೆ ತಿಳಿಸುವುದು ಮಾತ್ರ ನಮ್ಮ ಕೈಯಲ್ಲಿದೆ. ಹೊಲ ಮನೆಗಳ ಪತ್ರಗಳನ್ನು ಜೋಪಾನವಾಗಿ ಒಪ್ಪಿಸುವ ನಾವು ಇದನ್ನೇಕೆ ಮುಚ್ಚಿಡಬೇಕು? ಅಣ್ಣನವರ ಚಿಕಿತ್ಸೆ ಆರಂಭವಾದ ವಾರವೇ ನನ್ನ ಮಗನನ್ನೂ ಅವರ ಇಬ್ಬರು ಮಕ್ಕಳನ್ನೂ ಕೂರಿಸಿಕೊಂಡು ಎಲ್ಲವನ್ನೂ ಹೇಳಿದೆ. ಮೊದಲ ಎರಡು ವಾಕ್ಯಗಳು ಕಷ್ಟವಾದವು, ಆಮೇಲೆ ಆಗಲಿಲ್ಲ.