ಗೆರೆ ನಂಬಿದವರ ಬದುಕು

ಹೆಮ್ಮಾಡಿ ಎಂದೊಡನೆ ಹೊರಗಿನವರಿಗೆ ನೆನಪಾಗುವುದು ಸೇವಂತಿಗೆ. ಮಕರ ಸಂಕ್ರಮಣದ ಹೊತ್ತಿಗೆ ಮಾರಣಕಟ್ಟೆಯ ಬ್ರಹ್ಮಲಿಂಗೇಶ್ವರನ ಜಾತ್ರೆಗೆ ಹೊರಟವರ ಕೈಯಲ್ಲೆಲ್ಲ ಇಲ್ಲಿಯ ಗದ್ದೆಗಳಲ್ಲಿ ಅರಳಿದ ಹೂವೇ. ಆದರೆ ಕುಂದಾಪುರದಿಂದ ಉತ್ತರಕ್ಕೆ ಹೆದ್ದಾರಿ ಹಿಡಿದು ಬರುವ ಪ್ರಯಾಣಿಕನ ಕಣ್ಣಿಗೆ ಹೂವಿಗಿಂತ ಮೊದಲು ಬೀಳುವುದು ಅಕ್ಷರಗಳು. ಕೊಲ್ಲೂರಿನ ದಾರಿ ಕವಲೊಡೆಯುವ ಈ ಊರಿನಲ್ಲಿ ಅಂಗಡಿಯ ನಾಮಫಲಕ, ಬಸ್ಸಿನ ಹಣೆಯ ಮೇಲಿನ ದೇವರ ಹೆಸರು, ಗೋಡೆಯ ಮೇಲಿನ ಯಕ್ಷಗಾನದ ಭಿತ್ತಿಪತ್ರ, ಬ್ರಹ್ಮಕಲಶೋತ್ಸವದ ಆಮಂತ್ರಣ ಇವೆಲ್ಲವನ್ನೂ ಯಾರೋ ಒಬ್ಬರು ಕುಳಿತು ರೂಪಿಸಿದ್ದಾರೆ. ಅವರ ಹೆಸರನ್ನು ಯಾರೂ ಕೇಳುವುದಿಲ್ಲ. ಫಲಕದ ಮೂಲೆಯಲ್ಲಿ, ಸಾಸಿವೆ ಕಾಳಿನಷ್ಟು ಸಣ್ಣದಾಗಿ, ಯಾವುದೋ ಒಂದು ಹೆಸರಿನ ಮುಂದೆ ‘ಆರ್ಟ್ಸ್’ ಎಂದು ಬರೆದಿದ್ದರೆ ಅದೇ ಅವರ ಮೊಹರು.

ಇಂಥ ‘ಆರ್ಟ್ಸ್’ ಅಂಗಡಿಯೇ ನಮ್ಮ ಕರಾವಳಿಯ ಮೊದಲ ವಿನ್ಯಾಸ ಕಾರ್ಯಾಲಯ. ಅಲ್ಲಿ ಕೆಲಸ ಕಲಿತವನು ಮೊದಲು ಮಾಡುತ್ತಿದ್ದುದು ತಗಡು ತಿಕ್ಕುವ ಕೆಲಸ. ತುಕ್ಕು ಹೋದ ಮೇಲೆ ತಳಬಣ್ಣ. ಅದು ಒಣಗಿದ ಬಳಿಕ ಸೀಮೆಸುಣ್ಣದ ಪುಡಿ ಬಳಿದ ದಾರವನ್ನು ಇಬ್ಬರು ಎರಡು ತುದಿಯಲ್ಲಿ ಬಿಗಿದು ಹಿಡಿದು, ನಡುವೆ ಮೀಟಿ ಬಿಟ್ಟರೆ ನೇರವಾದ ಗೆರೆ ಮೂಡುತ್ತಿತ್ತು. ಆ ಗೆರೆಯ ಮೇಲೆ ಗುರು ಅಕ್ಷರಗಳ ಹೊರರೇಖೆ ಎಳೆಯುವನು, ಶಿಷ್ಯ ಒಳಗೆ ಬಣ್ಣ ತುಂಬುವನು. ಕುಂಚವನ್ನು ಶಿಷ್ಯನ ಕೈಗೆ ಕೊಡುವ ದಿನ ಬರಲು ವರ್ಷಗಳೇ ಬೇಕಾಗುತ್ತಿದ್ದುವು.

ಕನ್ನಡದ ಅಕ್ಷರ ಬರೆಯುವುದು ಇಂಗ್ಲಿಷಿನಷ್ಟು ಸುಲಭವಲ್ಲ ಎಂಬುದನ್ನು ಈ ಊರಿನ ಹೆಸರೇ ತೋರಿಸಿಕೊಡುತ್ತದೆ. ‘ಕುಂದಾಪುರ’ ಎಂದು ಬರೆಯುವವನಿಗೆ ತೊಂದರೆಯಿಲ್ಲ; ಒಂದಾದರೂ ಒತ್ತಕ್ಷರವಿಲ್ಲದ ಆ ಹೆಸರು ಒಂದೇ ಸಾಲಿನಲ್ಲಿ ಮಟ್ಟಸವಾಗಿ ಕುಳಿತುಕೊಳ್ಳುತ್ತದೆ. ‘ಹೆಮ್ಮಾಡಿ’ಯಲ್ಲಿ ಹಾಗಲ್ಲ. ನಡುವಿನ ಮಕಾರದ ಕೆಳಗೆ ಮತ್ತೊಂದು ಮಕಾರದ ಒತ್ತು ಜೋತು ಬಿದ್ದಿದೆ. ಅದಕ್ಕೆ ಜಾಗ ಬಿಡದಿದ್ದರೆ ಫಲಕದ ಅಂಚು ಅದನ್ನು ಕತ್ತರಿಸುತ್ತದೆ. ಜಾಗ ಬಿಟ್ಟರೆ ಉಳಿದೆರಡು ಅಕ್ಷರಗಳ ಅಡಿಯಲ್ಲಿ ಬಯಲು ಉಳಿಯುತ್ತದೆ. ಇನ್ನು ‘ಬ್ರಹ್ಮಲಿಂಗೇಶ್ವರ’ ಎಂಬ ಹೆಸರನ್ನು ಬಸ್ಸಿನ ಕಿರಿದಾದ ಪಟ್ಟಿಯಲ್ಲಿ ಬರೆಯಬೇಕಾಗಿ ಬಂದರೆ ಮೂರು ಒತ್ತುಗಳನ್ನೂ ಸಂಭಾಳಿಸಬೇಕು. ಒತ್ತನ್ನು ಎಷ್ಟು ಕಿರಿದು ಮಾಡಬಹುದು, ತಲೆಕಟ್ಟನ್ನು ಎಲ್ಲಿ ತುಸು ಎಳೆಯಬಹುದು ಎಂಬ ಲೆಕ್ಕದಲ್ಲಿಯೇ ಕುಶಲಿಗೂ ಸಾಮಾನ್ಯನಿಗೂ ಇರುವ ಅಂತರ ತಿಳಿಯುತ್ತಿತ್ತು. ಈ ತೊಡಕು ಹೊಸತಲ್ಲ. 1843ರಲ್ಲಿ ‘ಮಂಗಳೂರ ಸಮಾಚಾರ’ ಹೊರಟಾಗ ಬಾಸೆಲ್ ಮಿಶನ್ನಿನವರು ಅದನ್ನು ಮೊಳೆ ಜೋಡಿಸಿ ಅಚ್ಚು ಮಾಡಲಿಲ್ಲ. ಕೈಯಿಂದ ಬರೆದು ಕಲ್ಲಚ್ಚಿನಲ್ಲಿ ತೆಗೆದರು. ಕನ್ನಡ ಪತ್ರಿಕೋದ್ಯಮದ ಮೊದಲ ಪುಟವೇ ಕೈಬರಹ ಎಂದು ನಮ್ಮ ಫಲಕ ಬರೆಯುವವರು ಅಭಿಮಾನಪಟ್ಟರೆ ತಪ್ಪಿಲ್ಲ.

ಹೊಸ ಶತಮಾನದ ಆರಂಭದ ವರ್ಷಗಳಲ್ಲಿ ಫ್ಲೆಕ್ಸ್ ಬಂದಿತು. ಮೂರು ದಿನ ಹಿಡಿಯುತ್ತಿದ್ದ ಕೆಲಸ ಒಂದು ಗಂಟೆಯಲ್ಲಿ ಮುಗಿಯತೊಡಗಿತು. ಅಕ್ಷರದ ಅಂದಕ್ಕಲ್ಲದೆ ಚದರಡಿಗೆ ಬೆಲೆ ಕಟ್ಟುವ ಪದ್ಧತಿ ಬಂದಿತು. ಅನೇಕರು ಕುಂಚ ಕೆಳಗಿಟ್ಟರು. ವಯಸ್ಸಿದ್ದವರು ಗಣಕಯಂತ್ರದ ಮುಂದೆ ಕುಳಿತು ಕೋರೆಲ್‌ಡ್ರಾ, ಫೋಟೋಶಾಪ್ ಕಲಿತರು. 2016ರ ಮಾರ್ಚಿಯಲ್ಲಿ ರಾಜ್ಯ ಸರಕಾರ ಪ್ಲಾಸ್ಟಿಕ್ ಚೀಲಗಳೊಂದಿಗೆ ಫ್ಲೆಕ್ಸನ್ನೂ ನಿಷೇಧಿಸಿದಾಗ ತಲೆಯ ಮೇಲೆ ಕೈಹೊತ್ತವರು ಇವರೇ. ಒಮ್ಮೆ ಯಂತ್ರ ಬಂದು ಕುಂಚ ಹೋಗಿತ್ತು. ಯಂತ್ರಕ್ಕೆಂದು ಮಾಡಿದ ಸಾಲ ತೀರುವ ಮೊದಲೇ ಕಾನೂನು ಬಂದಿತು. ನಿಷೇಧ ಎಷ್ಟರ ಮಟ್ಟಿಗೆ ಜಾರಿಯಾಯಿತು ಎಂಬುದನ್ನು ಹೆದ್ದಾರಿಯ ಬದಿಯ ಹುಟ್ಟುಹಬ್ಬದ ಶುಭಾಶಯಗಳನ್ನು ನೋಡಿಯೇ ತಿಳಿಯಬಹುದು, ಆ ಮಾತು ಬೇರೆ.

ಯಂತ್ರದೊಳಗೆ ಕನ್ನಡ ಬಂದ ಕಥೆಯಲ್ಲಿಯೂ ಕರಾವಳಿಯವರದೊಂದು ದೊಡ್ಡ ಪಾಲಿದೆ. ಮಂಗಳೂರಿನ ಸಮೀಪದ ಕಿನ್ನಿಕಂಬಳದಲ್ಲಿ 1940ರಲ್ಲಿ ಹುಟ್ಟಿದ ಕೆ. ಪಿ. ರಾವ್ ಅವರು ವಿಜ್ಞಾನದಿಂದ ಮುದ್ರಣಕ್ಕೆ ಬಂದವರು. ಕನ್ನಡದ ವರ್ಣಮಾಲೆಯನ್ನು ಇಂಗ್ಲಿಷ್ ಕೀಲಿಗಳ ಮೇಲೆ ಅವರು ಹಂಚಿದ ಕ್ರಮವೇ ಮುಂದೆ ಸರಕಾರದ ಮಾನ್ಯತೆ ಪಡೆಯಿತು. ವ್ಯಂಜನ, ಸ್ವರ, ಒತ್ತುಗಳನ್ನು ಉಚ್ಚಾರದ ಕ್ರಮದಲ್ಲಿ ಒತ್ತುತ್ತ ಹೋದರೆ ಜೋಡಣೆಯನ್ನು ಯಂತ್ರವೇ ಮಾಡುತ್ತದೆ. ಇಂದು ಆಮಂತ್ರಣ ಪತ್ರಿಕೆ ಬೆರಳಚ್ಚಿಸುವ ಹುಡುಗನಿಗೆ ಅವರ ಹೆಸರು ತಿಳಿದಿರಲಿಕ್ಕಿಲ್ಲ, ಬೆರಳಿಗೆ ಮಾತ್ರ ತಿಳಿದಿದೆ. ಆದರೂ ತೊಡಕು ತೀರಿಲ್ಲ. ಒಂದು ಅಂಗಡಿಯಲ್ಲಿ ಸಿದ್ಧವಾದ ಆಮಂತ್ರಣವನ್ನು, ಅದೇ ಲಿಪಿಯ ಕಡತವಿಲ್ಲದ ಇನ್ನೊಂದು ಮುದ್ರಣಾಲಯದ ಯಂತ್ರದಲ್ಲಿ ತೆರೆದರೆ ದೇವರ ಹೆಸರು ಅರ್ಥವಿಲ್ಲದ ಚಿಹ್ನೆಗಳ ರಾಶಿಯಾಗುತ್ತದೆ. ಆದುದರಿಂದ ಅನುಭವಿಗಳು ಅಕ್ಷರಗಳನ್ನು ಬರಿಯ ರೇಖಾಚಿತ್ರವಾಗಿ ಪರಿವರ್ತಿಸಿಯೇ ಕಳುಹಿಸುತ್ತಾರೆ. ಪರಿವರ್ತಿಸಿದ ಮೇಲೆ ಕಣ್ಣಿಗೆ ಬಿದ್ದ ಕಾಗುಣಿತದ ತಪ್ಪನ್ನು ತಿದ್ದಬೇಕಾದರೆ ಆ ಪದವನ್ನು ಮತ್ತೆ ಮೊದಲಿನಿಂದ ಜೋಡಿಸಬೇಕು.

ಇದೆಲ್ಲ ಸರಿ, ಈ ಕೆಲಸದಿಂದ ಹೊಟ್ಟೆ ತುಂಬುತ್ತದೆಯೇ? ಚಿತ್ರ ಬರೆಯುವ ಮಗ, ಮಗಳು ಇರುವ ಮನೆಗಳಲ್ಲೆಲ್ಲ ಈ ಪ್ರಶ್ನೆ ಏಳುತ್ತದೆ. ಕುಂದಾಪುರ, ಉಡುಪಿಯ ಕಡೆಯಲ್ಲಿ ಇದಕ್ಕೆ ಬಹುಕಾಲ ಇದ್ದ ಉತ್ತರ ಒಂದೇ: ಮುಂಬಯಿ. ಉಡುಪಿಯ ಬಳಿಯ ಕಟ್ಟಿಂಗೇರಿಯಲ್ಲಿ 1911ರಲ್ಲಿ ಜನಿಸಿದ ಕೆ. ಕೆ. ಹೆಬ್ಬಾರರು ಮಣ್ಣಿನ ಗಣಪತಿ ಮಾಡುತ್ತಿದ್ದ ತಂದೆಯ ಮಗ. ಶಾಲಾಮಾಸ್ತರಿಕೆ ಮಾಡಿ, ಮೈಸೂರಿಗೆ ಹೋಗಿ, ಕೊನೆಗೆ ಮುಂಬಯಿಯ ಜೆ. ಜೆ. ಕಲಾಶಾಲೆಯಲ್ಲಿ ಓದಿ, ಅಲ್ಲಿಯೇ ಕೆಲವು ವರ್ಷ ಪಾಠ ಹೇಳಿ, ಬಳಿಕ ಚಿತ್ರಕಲೆಯನ್ನೇ ನಂಬಿದರು. ಯಕ್ಷಗಾನದ ಕುಣಿತ ಅವರ ರೇಖೆಯಲ್ಲಿ ಕೊನೆಯವರೆಗೂ ಉಳಿದುಕೊಂಡಿತು. ಆದರೆ 1996ರಲ್ಲಿ ಅವರು ಕಣ್ಣುಮುಚ್ಚಿದ್ದು ಮುಂಬಯಿಯಲ್ಲಿಯೇ. ಹೆಮ್ಮಾಡಿಗೆ ನೆರೆಯ ಗಂಗೊಳ್ಳಿಯ ಪಂಜು ಗಂಗೊಳ್ಳಿಯವರೂ ಆ ನಗರದ ಪತ್ರಿಕೆಯಲ್ಲಿ ವ್ಯಂಗ್ಯಚಿತ್ರಕಾರರಾಗಿ ಹೆಸರು ಮಾಡಿದವರು. ಅಷ್ಟು ದೂರವಿದ್ದೂ ಊರಿನ ಮಾತು ಅವರನ್ನು ಬಿಡಲಿಲ್ಲ. ಕುಂದಾಪ್ರ ಕನ್ನಡದ ನಿಘಂಟನ್ನು ಕಟ್ಟಿಕೊಟ್ಟವರಲ್ಲಿ ಅವರು ಮುಖ್ಯರು.

ಹೋದ ದಾರಿಯಲ್ಲಿಯೇ ಹಿಂದಿರುಗಿದವರು ಸತೀಶ ಆಚಾರ್ಯ. ಕುಂದಾಪುರದವರಾದ ಇವರು ಯಾವ ಕಲಾಶಾಲೆಯಲ್ಲಿಯೂ ಓದಿದವರಲ್ಲ. ವಿದ್ಯಾರ್ಥಿಯಾಗಿದ್ದಾಗ ಕನ್ನಡ ಪತ್ರಿಕೆಗಳಿಗೆ ವ್ಯಂಗ್ಯಚಿತ್ರ ಕಳುಹಿಸಿ ಕೈಖರ್ಚು ಗಳಿಸಿದರು, ಓದಿದ್ದು ವ್ಯವಹಾರಾಡಳಿತ. ಮುಂಬಯಿಗೆ ಹೋಗಿ ಜಾಹೀರಾತು ಸಂಸ್ಥೆಯಲ್ಲಿ ದುಡಿದು, ಆಮೇಲೆ ‘ಮಿಡ್ ಡೇ’ ಪತ್ರಿಕೆಯ ವ್ಯಂಗ್ಯಚಿತ್ರಕಾರರಾದರು. ತಿಂಗಳಿಗೆ ಸರಿಯಾಗಿ ಸಂಬಳ ಬರುವ ಆ ಹುದ್ದೆಯನ್ನು ಬಿಟ್ಟು ಊರಿಗೆ ಮರಳಿದಾಗ ಅವರು ನಂಬಿದ್ದು ತಮ್ಮ ಗೆರೆಯನ್ನು ಮತ್ತು ಅಂತರಜಾಲವನ್ನು. 2015ರ ಜನವರಿಯಲ್ಲಿ ಪ್ಯಾರಿಸಿನ ಚಾರ್ಲಿ ಹೆಬ್ಡೋ ಪತ್ರಿಕೆಯ ಮೇಲೆ ದಾಳಿಯಾದಾಗ ಅವರು ಬರೆದ ಚಿತ್ರವನ್ನು ಪರದೇಶದ ಪತ್ರಿಕೆಗಳೂ ಗಮನಿಸಿದುವು. ಸಮುದ್ರತೀರದ ಸಣ್ಣ ಪಟ್ಟಣದಲ್ಲಿ ಕುಳಿತು ಎಳೆದ ಗೆರೆ ಒಂದೇ ದಿನದಲ್ಲಿ ಅಷ್ಟು ದೂರ ಹೋಗಬಲ್ಲುದೆಂದು ಹೆಬ್ಬಾರರ ಕಾಲದಲ್ಲಿ ಯಾರೂ ಊಹಿಸಿರಲಾರರು.

ಆದರೆ ಸ್ವತಂತ್ರವಾಗಿ ದುಡಿಯುವವನ ನೆಲ ಎಷ್ಟು ಗಟ್ಟಿ ಎಂಬುದೂ ಅವರ ಬದುಕಿನಲ್ಲಿಯೇ ಕಂಡುಬಂದಿತು. 2018ರಲ್ಲಿ, ಭಾರತದ ನೆರೆಹೊರೆಯಲ್ಲಿ ಚೀನದ ಪ್ರಭಾವ ಹೆಚ್ಚುತ್ತಿರುವುದನ್ನು ಕುರಿತ ಅವರ ಚಿತ್ರವೊಂದನ್ನು ದಿನಪತ್ರಿಕೆಯೊಂದು ಪ್ರಕಟಿಸಲಿಲ್ಲ. ಆ ಪತ್ರಿಕೆಯೊಡನೆ ಅವರ ನಂಟು ಅಲ್ಲಿಗೆ ಮುಗಿಯಿತು. ಚಿತ್ರವನ್ನು ಅವರೇ ಅಂತರಜಾಲದಲ್ಲಿ ಪ್ರಕಟಿಸಿದರು. ಪತ್ರಿಕೆಯಲ್ಲಿ ಬಂದಿದ್ದರೆ ನೋಡುತ್ತಿದ್ದವರಿಗಿಂತ ಹೆಚ್ಚು ಜನ ಅದನ್ನು ನೋಡಿರಬೇಕು. ಜನ ನೋಡುವುದು ಬೇರೆ, ತಿಂಗಳ ಕೊನೆಗೆ ಹಣ ಬರುವುದು ಬೇರೆ. ಒಂದೇ ಪತ್ರಿಕೆಗೆ, ಒಬ್ಬನೇ ಗಿರಾಕಿಗೆ ಕಟ್ಟುಬಿದ್ದ ಕಲಾವಿದನಾಗಿದ್ದರೆ ಆ ನಿಲುವು ತಳೆಯುವುದು ಕಷ್ಟವಾಗುತ್ತಿತ್ತು.

ಸಣ್ಣ ಊರುಗಳಲ್ಲಿ ವಿನ್ಯಾಸದ ಅಂಗಡಿ ನಡೆಸುವವರ ಚಿಂತೆ ಇಷ್ಟು ದೊಡ್ಡದಲ್ಲದಿದ್ದರೂ ಇದೇ ಜಾತಿಯದು. ಅವರನ್ನು ಮಾತಿಗೆಳೆದರೆ ಕಲೆಯ ಮಾತು ಹಿಂದಾಗಿ ಬಾಕಿಯ ಮಾತು ಮುಂದಾಗುತ್ತದೆ. ದೀಪಾವಳಿಯಿಂದ ಪತ್ತನಾಜೆಯವರೆಗೆ ಮದುವೆ, ಜಾತ್ರೆ, ಆಟ, ವಾರ್ಷಿಕೋತ್ಸವಗಳ ಸುಗ್ಗಿ. ಮಳೆ ಹಿಡಿದರೆ ಕೈ ಖಾಲಿ. ಸುಗ್ಗಿಯಲ್ಲಿ ಮಾಡಿದ ಕೆಲಸದ ಹಣ ಸಮಿತಿಯ ಲೆಕ್ಕಪತ್ರ ಮುಗಿದ ಮೇಲೆ ಬರಬೇಕು. ಅದರ ಮೇಲೆ ‘ತುಸು ಬದಲಾಯಿಸಿ’ ಎಂಬ ಬೇಡಿಕೆ. ಬಡಗಿಗೆ ಮಾಡಿದ ಬಾಗಿಲನ್ನು ಐದು ಸಲ ಬಿಚ್ಚಿ ಮಾಡೆಂದು ಹೇಳಲು ನಾಚುವವರು, ಲಾಂಛನ ಬರೆದವನಿಗೆ ಹೇಳಲು ನಾಚುವುದಿಲ್ಲ. ಮುಂಗಡ ಪಡೆದು, ಎಷ್ಟು ಸಲ ತಿದ್ದಿಕೊಡಲಾಗುವುದೆಂದು ಮೊದಲೇ ಕಾಗದದಲ್ಲಿ ಬರೆದುಕೊಂಡವರಷ್ಟೇ ನೆಮ್ಮದಿಯಿಂದಿದ್ದಾರೆ.

ಕಾಗದಕ್ಕೆ ಇನ್ನೂ ಒಂದು ಮಹತ್ವವಿದೆ. 1957ರ ಗ್ರಂಥಸ್ವಾಮ್ಯ ಕಾಯಿದೆಯ ಪ್ರಕಾರ ನೌಕರಿಯಲ್ಲಿದ್ದು ರಚಿಸಿದ ಕೃತಿಯ ಒಡೆತನ, ಬೇರೆ ಒಪ್ಪಂದವಿಲ್ಲದಿದ್ದರೆ, ಸಾಮಾನ್ಯವಾಗಿ ಯಜಮಾನನದು. ಪತ್ರಿಕೆಯ ನೌಕರರಿಗೆ ಮಾತ್ರ ಕಾಯಿದೆ ತುಸು ಉದಾರವಾಗಿದೆ: ಪತ್ರಿಕೆಯಲ್ಲಿ ಪ್ರಕಟಿಸುವಷ್ಟರ ಹಕ್ಕು ಮಾಲಿಕನದು, ಉಳಿದದ್ದು ಬರೆದವನದು. ಮನೆಯಲ್ಲಿ ಚಿತ್ರಗಾರ ಮಗನಿರುವ ತಂದೆ ಅವನ ಮೊದಲ ನೇಮಕಾತಿ ಪತ್ರದಲ್ಲಿ ಸಂಬಳದ ಅಂಕೆಯನ್ನಷ್ಟೇ ನೋಡದೆ ಈ ಒಂದು ಕಂಡಿಕೆಯನ್ನೂ ಓದಿದರೆ ಒಳ್ಳೆಯದು.

ಕೈಬರಹ ಪೂರ್ತಿ ಅಳಿದಿಲ್ಲ. ಜೂನ್ ಒಂದರಿಂದ ಜುಲೈ ಕೊನೆಯವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವ 61 ದಿನ ಗಂಗೊಳ್ಳಿಯ ಬಂದರಿನಲ್ಲಿ ದೋಣಿಗಳು ಸಾಲಾಗಿ ತಂಗುತ್ತವೆ. ಮಳೆ ತುಸು ಬಿಡುವು ಕೊಟ್ಟಾಗ ಅವುಗಳಿಗೆ ಹೊಸ ಬಣ್ಣ ಆಗಬೇಕು, ಹೆಸರು ಬರೆಯಿಸಬೇಕು. ಉಪ್ಪುನೀರಿನ ಹೊಡೆತಕ್ಕೆ ಫ್ಲೆಕ್ಸ್ ನಿಲ್ಲುವುದಿಲ್ಲ. ಆಗ ದೋಣಿಯ ಯಜಮಾನರು ಹಳೆಯ ಕುಂಚದವರ ಮನೆಯನ್ನು ಹುಡುಕಿಕೊಂಡು ಬರುತ್ತಾರೆ.